ಗೆದ್ದ ತಂತ್ರಜ್ಞಾನ, ಸೋತ ಷೇರುದಾರ

ಬೆಂಗಳೂರಿನಲ್ಲಿ ಷೇರಿನ ಮಾತು ಎದ್ದರೆ ಇನ್ಫೋಸಿಸ್ ಕಥೆ ಬಾರದೆ ಇರುವುದಿಲ್ಲ. 1993ರಲ್ಲಿ 95 ರೂಪಾಯಿಗೆ ಒಂದರಂತೆ ನೂರು ಷೇರು ಕೊಂಡವರು, ಅಂದರೆ ಒಂಬತ್ತೂವರೆ ಸಾವಿರ ಹಾಕಿ ಸುಮ್ಮನೆ ಕುಳಿತವರು, ಇಂದು ಕೋಟ್ಯಧಿಪತಿಗಳು ಎಂಬ ಲೆಕ್ಕ ಪಾರ್ಕಿನ ಬೆಂಚಿನಿಂದ ಹಿಡಿದು ಮದುವೆಮನೆಯ ಪಂಕ್ತಿಯವರೆಗೆ ಎಲ್ಲೆಡೆ ಕೇಳಸಿಗುತ್ತದೆ. ಲೆಕ್ಕ ಸುಳ್ಳಲ್ಲ. ಬೋನಸ್ ಮೇಲೆ ಬೋನಸ್ ಕೊಟ್ಟ ಕಂಪನಿ ಅದು. ಆ ನೂರು ಷೇರು ಇಂದು ಲಕ್ಷ ದಾಟಿದೆ. ಆದರೆ ಹೇಳುವವರು ಎರಡು ಸಂಗತಿ ಬಿಟ್ಟುಬಿಡುತ್ತಾರೆ. ಆ ಐಪಿಒಗೆ ಜನ ಮುಗಿಬೀಳಲಿಲ್ಲ. ಷೇರುಗಳು ಪೂರ್ತಿ ಬಿಕರಿಯಾಗದೆ ಉಳಿದಾಗ ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಶೇ. 13ರಷ್ಟು ಪಾಲು ಕೊಂಡು ಮಾನ ಉಳಿಸಿತು. ಜನ ಮುಗಿಬಿದ್ದದ್ದು ಏಳು ವರ್ಷದ ಮೇಲೆ, 2000ದ ಮಾರ್ಚ್ ಸುಮಾರಿಗೆ. ಆಗ ಕೊಂಡವರ ಕಥೆಯನ್ನು ಯಾರೂ ಪಂಕ್ತಿಯಲ್ಲಿ ಹೇಳುವುದಿಲ್ಲ. ಅವರು ಕೊಟ್ಟ ಬೆಲೆ ಮತ್ತೆ ಕಾಣಲು 2006ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಕಂಪನಿಯ ವಾರ್ಷಿಕ ಆದಾಯ ಸುಮಾರು 900 ಕೋಟಿಯಿಂದ 9,500 ಕೋಟಿ ರೂಪಾಯಿಗೆ ಏರಿತ್ತು. ಕಂಪನಿ ಹತ್ತು ಪಟ್ಟು ಬೆಳೆದಿದೆ, ಷೇರುದಾರ ನಿಂತಲ್ಲೇ ಇದ್ದಾನೆ.

ವೇಗವಾಗಿ ಬದಲಾಗುವ ತಂತ್ರಜ್ಞಾನದ ಕಂಪನಿಗಳಲ್ಲಿ ಹಣ ಹಾಕುವ ಅಪಾಯವನ್ನು ಸಾಮಾನ್ಯವಾಗಿ 'ತಂತ್ರಜ್ಞಾನ ಕೈಕೊಟ್ಟರೆ?' ಎಂದು ಕೇಳುತ್ತೇವೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದ್ದು: ತಂತ್ರಜ್ಞಾನ ಗೆದ್ದೇ ಗೆಲ್ಲುತ್ತದೆ ಎಂದಿಟ್ಟುಕೊಳ್ಳೋಣ, ಆ ಗೆಲುವಿನ ದುಡ್ಡು ಯಾರ ಜೇಬಿಗೆ ಹೋಗುತ್ತದೆ?

ಇದಕ್ಕೆ ಸಿಸ್ಕೊಗಿಂತ ದೊಡ್ಡ ಪಾಠವಿಲ್ಲ. ಅಂತರ್ಜಾಲದ ದತ್ತಾಂಶವನ್ನು ದಾರಿ ತೋರಿಸಿ ಕಳಿಸುವ ರೂಟರ್‌ಗಳನ್ನು ಮಾಡುವ ಈ ಕಂಪನಿ 2000ದ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟನ್ನೂ ಹಿಂದಿಕ್ಕಿ ಜಗತ್ತಿನ ಅತಿ ಬೆಲೆಬಾಳುವ ಕಂಪನಿಯಾಯಿತು. ಷೇರಿನ ಬೆಲೆ 80 ಡಾಲರ್. ಅಂತರ್ಜಾಲ ಇಡೀ ಜಗತ್ತನ್ನು ಆವರಿಸುತ್ತದೆ, ಅದಕ್ಕೆ ರೂಟರ್ ಬೇಕೇ ಬೇಕು ಎಂಬುದು ಅಂದಿನ ವಾದ. ವಾದದ ಪ್ರತಿ ಅಕ್ಷರವೂ ನಿಜವಾಯಿತು. ಸಿಸ್ಕೊ ಮುಳುಗಲಿಲ್ಲ, ಮೋಸ ಮಾಡಲಿಲ್ಲ; ಅದರ ವಾರ್ಷಿಕ ಆದಾಯ 1,900 ಕೋಟಿ ಡಾಲರ್ ಆಸುಪಾಸಿನಿಂದ 5,600 ಕೋಟಿ ದಾಟಿತು. ಆದರೆ 2002ರ ಅಕ್ಟೋಬರ್ ಹೊತ್ತಿಗೆ ಷೇರು ಹತ್ತು ಡಾಲರಿನ ಕೆಳಗಿತ್ತು. 80ರ ಗೆರೆಯನ್ನು ಮತ್ತೆ ದಾಟಿದ್ದು 2025ರ ಡಿಸೆಂಬರ್‌ನಲ್ಲಿ. ನಡುವಿನ ಹಣದುಬ್ಬರವನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ದಾಟಿಲ್ಲವೆಂದೇ ಹೇಳಬೇಕು. ಕಂಪನಿ ಚೆನ್ನಾಗಿದ್ದೂ, ಭವಿಷ್ಯದ ಊಹೆ ಸರಿಯಿದ್ದೂ, ಕೊಟ್ಟ ಬೆಲೆಯೊಂದು ತಪ್ಪಿದರೆ ಕಾಲು ಶತಮಾನ ಹೋಗುತ್ತದೆ. ಅಂದು ನಾಸ್ಡಾಕ್ ಸೂಚ್ಯಂಕ 5,048ರಿಂದ 1,114ಕ್ಕೆ ಇಳಿಯಿತು. ಹಳೆಯ ಮಟ್ಟ ಮುಟ್ಟಿದ್ದು 2015ರಲ್ಲಿ. ಇಲ್ಲಿ, ಮುಂಬೈಯಲ್ಲಿ, ಷೇರು ದಲ್ಲಾಳಿ ಕೇತನ್ ಪಾರೇಖ್‌ನ ಅಚ್ಚುಮೆಚ್ಚಿನ 'ಕೆ-10' ಷೇರುಗಳಾದ ಪೆಂಟಾಮೀಡಿಯಾ, ಡಿಎಸ್‌ಕ್ಯೂ ಸಾಫ್ಟ್‌ವೇರ್, ಸಿಲ್ವರ್‌ಲೈನ್ ಇವೆಲ್ಲ 2001ರಲ್ಲಿ ನೆಲಕಚ್ಚಿದವು. ಇವತ್ತಿನ ಇಪ್ಪತ್ತೈದರ ಹುಡುಗರಿಗೆ ಆ ಹೆಸರುಗಳೂ ಗೊತ್ತಿಲ್ಲ.

ಅದೇ ಕಾಲದಲ್ಲಿ ಇನ್ನೊಂದು ನಾಟಕ ಸಮುದ್ರದ ತಳದಲ್ಲಿ ನಡೆಯಿತು. ಅದು ನಮ್ಮ ಊರಿಗೆ ನೇರವಾಗಿ ಸಂಬಂಧಿಸಿದ್ದು. ಅಂತರ್ಜಾಲದ ದಟ್ಟಣೆ ಕೆಲವೇ ತಿಂಗಳಿಗೊಮ್ಮೆ ದುಪ್ಪಟ್ಟಾಗುತ್ತದೆ ಎಂಬ ಹುರುಪಿನಲ್ಲಿ ಗ್ಲೋಬಲ್ ಕ್ರಾಸಿಂಗ್, ವರ್ಲ್ಡ್‌ಕಾಮ್, ಟೈಕೊ, ಫ್ಲ್ಯಾಗ್ ಟೆಲಿಕಾಂನಂಥ ಕಂಪನಿಗಳು ನೆಲದಲ್ಲೂ ಕಡಲಲ್ಲೂ ಗಾಜಿನ ತಂತಿ ಹಾಸಿದವು. ಸಾಲ ತಂದು ಹಾಸಿದರು, ಷೇರು ಮಾರಿ ಹಾಸಿದರು. ಬೇಡಿಕೆ ಬರುವುದರೊಳಗೆ ಬಡ್ಡಿಯ ದಿನ ಬಂತು. ಗ್ಲೋಬಲ್ ಕ್ರಾಸಿಂಗ್ 2002ರ ಜನವರಿಯಲ್ಲಿ, ಫ್ಲ್ಯಾಗ್ ಏಪ್ರಿಲ್‌ನಲ್ಲಿ, ವರ್ಲ್ಡ್‌ಕಾಮ್ ಜುಲೈಯಲ್ಲಿ ದಿವಾಳಿ ಅರ್ಜಿ ಹಾಕಿದವು. ಆಮೇಲೆ ನಡೆದದ್ದು ಹರಾಜು. ಫ್ಲ್ಯಾಗ್ ಕಂಪನಿಯನ್ನು ರಿಲಯನ್ಸ್ ಸುಮಾರು 21 ಕೋಟಿ ಡಾಲರಿಗೆ ಕೊಂಡಿತು. ಟೈಕೊ ನೂರಾರು ಕೋಟಿ ಡಾಲರ್ ಸುರಿದು ಹಾಸಿದ್ದ ಜಾಗತಿಕ ಕೇಬಲ್ ಜಾಲವನ್ನು ಟಾಟಾ ಸಮೂಹದ ವಿಎಸ್‌ಎನ್‌ಎಲ್ ಬರೇ 13 ಕೋಟಿ ಡಾಲರಿಗೆ ತೆಗೆದುಕೊಂಡಿತು. ಖಂಡಾಂತರದ ಸಂಪರ್ಕ ಅಗ್ಗವಾಯಿತು. ಅದನ್ನೇ ನೆಚ್ಚಿಕೊಂಡು ಬೆಂಗಳೂರಿನ ಕಾಲ್ ಸೆಂಟರ್‌ಗಳೂ ಸಾಫ್ಟ್‌ವೇರ್ ಕಚೇರಿಗಳೂ ಬೆಳೆದವು. ತಂತಿ ಹಾಸಿದವರ ಷೇರುದಾರರು ಬೀದಿಗೆ ಬಿದ್ದರು, ತಂತಿ ಬಳಸಿದವರು ಮನೆ ಕಟ್ಟಿಸಿದರು. ಯಾರೋ ಬಿತ್ತಿ ಇನ್ಯಾರೋ ಕೊಯ್ದರು ಎನ್ನುವುದಿದ್ದರೆ ಇದನ್ನೇ.

ಹಳತಾಗುವ ಅಪಾಯ ಎಲ್ಲರಿಗೂ ಗೊತ್ತಿರುವಂಥದು, ಬೇಗ ಹೇಳಿ ಮುಗಿಸಬಹುದು. ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಫಿಲ್ಮ್ ಮಾರಾಟದ ಲಾಭ ಬಿಡಲಾಗದ ಕಂಪನಿ 2012ರಲ್ಲಿ ದಿವಾಳಿಯಾಯಿತು. ನೋಕಿಯಾ 2007ರಲ್ಲಿ ಜಗತ್ತಿನ ಸ್ಮಾರ್ಟ್‌ಫೋನುಗಳಲ್ಲಿ ಅರ್ಧದಷ್ಟನ್ನು ಮಾರುತ್ತಿತ್ತು. ಆ ವರ್ಷವೇ ಐಫೋನ್ ಬಂತು. ಆರು ವರ್ಷದ ಮೇಲೆ ಫೋನ್ ವ್ಯವಹಾರವನ್ನು 544 ಕೋಟಿ ಯೂರೊಗೆ ಮೈಕ್ರೋಸಾಫ್ಟಿಗೆ ಮಾರುವ ಒಪ್ಪಂದಕ್ಕೆ ನೋಕಿಯಾ ಸಹಿ ಹಾಕಿತು. ಕೊಂಡ ಮೈಕ್ರೋಸಾಫ್ಟ್ 2015ರಲ್ಲಿ 760 ಕೋಟಿ ಡಾಲರ್ ನಷ್ಟವೆಂದು ಲೆಕ್ಕದಿಂದ ಹೊಡೆದುಹಾಕಿತು. ತೆರಿಗೆ ತಗಾದೆಯೂ ಸೇರಿ ಶ್ರೀಪೆರಂಬುದೂರಿನ ನೋಕಿಯಾ ಕಾರ್ಖಾನೆ 2014ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ದಶಕಗಳ ಕಾಲ ಚಿಪ್ ಲೋಕವನ್ನು ಆಳಿದ ಇಂಟೆಲ್ 2024ರ ಆಗಸ್ಟ್‌ನಲ್ಲಿ ಲಾಭಾಂಶ ನಿಲ್ಲಿಸುವುದಾಗಿ ಘೋಷಿಸಿತು. ನವೆಂಬರ್‌ನಲ್ಲಿ ಡೌ ಜೋನ್ಸ್ ಸೂಚ್ಯಂಕ ಅದನ್ನು ಕೈಬಿಟ್ಟು ಎನ್‌ವಿಡಿಯಾವನ್ನು ಸೇರಿಸಿಕೊಂಡಿತು. 'ದೊಡ್ಡ ಕಂಪನಿ, ಭಯವಿಲ್ಲ' ಎಂಬ ನಂಬಿಕೆ ಸಿಮೆಂಟಿನ ಷೇರಿಗೆ ಎಷ್ಟೋ ಸಲ್ಲುತ್ತದೆ. ಇಲ್ಲಿ ದೊಡ್ಡತನವೇ ಕಾಲಿಗೆ ಕಟ್ಟಿದ ಗುಂಡು ಆಗುವುದುಂಟು, ಹಳೆಯ ಲಾಭವನ್ನು ಕೊಲ್ಲುವ ಹೊಸ ಸರಕನ್ನು ಯಾವ ಮ್ಯಾನೇಜರನೂ ಸಂತೋಷದಿಂದ ತರುವುದಿಲ್ಲವಾದ್ದರಿಂದ.

ನಮ್ಮ ಕಾಲದ, ನಮ್ಮ ನೆಲದ ಉದಾಹರಣೆ ಬೇಕಾದರೆ ಪೇಟಿಎಂ. ಸ್ವಲ್ಪ ನಿಂತು ನೋಡಬೇಕಾದದ್ದು. 2021ರ ನವೆಂಬರ್‌ನಲ್ಲಿ ಅದರ ಮಾತೃಸಂಸ್ಥೆ 2,150 ರೂಪಾಯಿಗೆ ಒಂದರಂತೆ ಷೇರು ಮಾರಿ 18,300 ಕೋಟಿ ಎತ್ತಿತು. ಅಲ್ಲಿಯವರೆಗೆ ಭಾರತದಲ್ಲಿ ಅಷ್ಟು ದೊಡ್ಡ ಐಪಿಒ ಆಗಿರಲಿಲ್ಲ. ಪಟ್ಟಿಯಾದ ಮೊದಲ ದಿನವೇ ಷೇರು ಶೇ. 27ರಷ್ಟು ಕುಸಿಯಿತು. ಪ್ರಾಸ್ಪೆಕ್ಟಸ್ ಬಿಡಿಸಿ ನೋಡಿದ್ದವರಿಗೆ ಇದರಲ್ಲಿ ಅಚ್ಚರಿಯೇನಿರಲಿಲ್ಲ. 18,300 ಕೋಟಿಯಲ್ಲಿ ಕಂಪನಿಯ ಕೈಗೆ ಬರುತ್ತಿದ್ದದ್ದು 8,300 ಕೋಟಿ ಮಾತ್ರ. ಉಳಿದ 10,000 ಕೋಟಿ ಹಳೆಯ ಹೂಡಿಕೆದಾರರು ತಮ್ಮ ಪಾಲು ಮಾರಿಕೊಂಡು ಹೊರಟ ಹಣ. ಹಿಂದೆಯೂ ನಷ್ಟವಾಗಿದೆ, ಮುಂದೆ ಖರ್ಚು ಇನ್ನೂ ಹೆಚ್ಚಲಿದೆ ಎಂದು ಅಪಾಯಗಳ ಅಧ್ಯಾಯದಲ್ಲಿ ಕಂಪನಿಯೇ ಬರೆದುಕೊಂಡಿತ್ತು. ಸೆಬಿಯ ನಿಯಮವೂ ಒಂದು ಸುಳಿವು ಕೊಡುತ್ತದೆ. ಹಿಂದಿನ ವರ್ಷಗಳಲ್ಲಿ ನಿಗದಿತ ಲಾಭ ತೋರಿಸಲಾಗದ ಕಂಪನಿ ಐಪಿಒಗೆ ಬಂದರೆ ಕನಿಷ್ಠ ಶೇ. 75 ಪಾಲನ್ನು ದೊಡ್ಡ ಸಂಸ್ಥೆಗಳಿಗೇ ಹಂಚಬೇಕು. ಸಣ್ಣ ಹೂಡಿಕೆದಾರರಿಗೆ ಶೇ. 10 ಮೀರಬಾರದು. ಅರ್ಜಿ ಹಾಕುವಾಗ ನಿಮ್ಮ ಪಾಲಿಗೆ ಶೇ. 35 ಇದೆಯೋ 10 ಇದೆಯೋ ನೋಡಿದರೆ ಸಾಕು, ಅರ್ಧ ಸಂಶೋಧನೆ ಮುಗಿದಂತೆ. ಎಷ್ಟು ಜನ ನೋಡುತ್ತಾರೆ ಎಂಬುದು ಬೇರೆ ಮಾತು. ನಮ್ಮಲ್ಲಿ ಗ್ರೇ ಮಾರ್ಕೆಟ್ ಪ್ರೀಮಿಯಂ ಎಷ್ಟಿದೆ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿ ಅರ್ಜಿ ಒತ್ತುವುದೇ ವಾಡಿಕೆ.

ಪೇಟಿಎಂ ಕಥೆಯ ತಿರುಳು ಬೆಲೆಗಿಂತ ಆಳದಲ್ಲಿದೆ. ಮೊಬೈಲಿನಿಂದ ಹಣ ಕೊಡುವ ಪದ್ಧತಿ ಭಾರತದಲ್ಲಿ ಭರ್ಜರಿಯಾಗಿ ಗೆದ್ದಿದೆ. ಗಾಂಧಿಬಜಾರಿನ ಹೂವಿನ ಬುಟ್ಟಿಗೂ ಕ್ಯೂಆರ್ ಚೀಟಿ ಅಂಟಿದೆ. ಆದರೆ ಆ ಹಳಿ ಹಾಕಿದ್ದು ಬ್ಯಾಂಕುಗಳು ಸೇರಿ ಕಟ್ಟಿದ ಎನ್‌ಪಿಸಿಐ. ಮೇಲೆ ಓಡಾಡಲು ಎಲ್ಲರಿಗೂ ದಾರಿ ಮುಕ್ತ. 2020ರ ಜನವರಿಯಿಂದ ಯುಪಿಐ ವಹಿವಾಟಿಗೆ ವ್ಯಾಪಾರಿಯಿಂದ ಶುಲ್ಕ ಕೀಳಬಾರದು ಎಂದು ಸರ್ಕಾರ ಹೇಳಿತು. ದೇಶಕ್ಕೆ ಇದು ವರ, ಗ್ರಾಹಕನಿಗೆ ವರ, ಅಂಗಡಿಯವನಿಗೆ ವರ. ಶುಲ್ಕದ ಮೇಲೆ ಬದುಕಬೇಕಿದ್ದ ಕಂಪನಿಯ ಷೇರುದಾರನಿಗೆ ಮಾತ್ರ ಪ್ರತಿ ಹೊಸ ಗ್ರಾಹಕನೂ ಒಂದು ಖರ್ಚು. ಕೊನೆಗೆ 2024ರ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ ಹೊಸ ಠೇವಣಿ ತೆಗೆದುಕೊಳ್ಳದಂತೆ ನಿರ್ಬಂಧ ಹಾಕಿದಾಗ ಷೇರು ಇನ್ನೂ ಕೆಳಗಿಳಿದು ಮೇ ತಿಂಗಳಲ್ಲಿ 310ರ ಸುಮಾರಿಗೆ ಬಂತು. ಆಮೇಲೆ ಚೇತರಿಸಿಕೊಂಡಿತು ನಿಜ. 2,150 ಕೊಟ್ಟವರನ್ನು ಸಮಾಧಾನ ಮಾಡುವಷ್ಟಲ್ಲ.

ಪೇಟಿಎಂನಂತೆ 2021ರಲ್ಲೇ ಪೇಟೆಗೆ ಬಂದ ಜೊಮ್ಯಾಟೊವನ್ನು ಇದರ ಪಕ್ಕ ಇಡಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. 76 ರೂಪಾಯಿಗೆ ಕೊಟ್ಟ ಷೇರು 2021ರ ನವೆಂಬರ್‌ನಲ್ಲಿ 169 ಮುಟ್ಟಿ, 2022ರ ಜುಲೈ ಕೊನೆಯಲ್ಲಿ, ಹಳೆಯ ಹೂಡಿಕೆದಾರರ ಒಂದು ವರ್ಷದ ಲಾಕ್-ಇನ್ ಮುಗಿದ ಕೂಡಲೆ, 40ರ ಆಸುಪಾಸಿಗೆ ಬಿತ್ತು; 2024ರ ಕೊನೆಯಲ್ಲಿ 300ರ ಹತ್ತಿರವಿತ್ತು. ಲಾಕ್-ಇನ್ ಮುಗಿಯುವ ದಿನ ಗುಟ್ಟೇನಲ್ಲ, ಕ್ಯಾಲೆಂಡರಿನಲ್ಲಿ ಇರುತ್ತದೆ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕೂಡ 2024ರ ಆಗಸ್ಟ್‌ನಲ್ಲಿ ಅದೇ 76 ರೂಪಾಯಿಗೆ ಬಂದು, ಅದೇ ತಿಂಗಳು 157ಕ್ಕೆ ಹಾರಿ, 2025ರಲ್ಲಿ ಕೊಟ್ಟ ಬೆಲೆಗಿಂತ ಎಷ್ಟೋ ಕೆಳಗೆ ಇಳಿಯಿತು. ವಿದ್ಯುತ್ ಸ್ಕೂಟರುಗಳ ಮಾರಾಟ ದೇಶದಲ್ಲಿ ಏರುತ್ತಲೇ ಇತ್ತು. ಟಿವಿಎಸ್, ಬಜಾಜ್‌ನಂಥ ಹಳೆಯ ಹುಲಿಗಳು ತಡವಾಗಿ ಎದ್ದು ಬಂದು ಆ ಮಾರಾಟವನ್ನು ತಮ್ಮ ಕಡೆ ಎಳೆದುಕೊಂಡವು. ದಾರಿ ಕಡಿದವನಿಗಿಂತ ಹಿಂದೆ ಬಂದವನಿಗೆ ನಡಿಗೆ ಸುಲಭ.

ಇನ್ನು ಲೆಕ್ಕಪತ್ರ. ತಂತ್ರಜ್ಞಾನದ ಕಂಪನಿಯಲ್ಲಿ ಕಣ್ಣಿಗೆ ಕಾಣುವ ಆಸ್ತಿ ಕಡಿಮೆ, ಊಹೆಯ ಮೇಲೆ ನಿಂತ ಅಂಕಿ ಹೆಚ್ಚು. ಇದರ ಅತಿರೇಕ ಸತ್ಯಂ: 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂಬ ತಪ್ಪೊಪ್ಪಿಗೆ ಇತ್ತು. ಒಂದೇ ದಿನದಲ್ಲಿ ಷೇರು ಮುಕ್ಕಾಲು ಪಾಲಿಗೂ ಹೆಚ್ಚು ಕಳೆದುಕೊಂಡಿತು. ಆದರೆ ವಂಚನೆ ಅಪರೂಪ. ದಿನನಿತ್ಯದ ಅಪಾಯ ಕಾನೂನಿನೊಳಗೇ ನಡೆಯುವ ಜಾಣತನದ್ದು. ನೌಕರರಿಗೆ ಕೊಡುವ ಷೇರಿನ ಖರ್ಚನ್ನು ಬದಿಗಿಟ್ಟು 'ಹೊಂದಾಣಿಕೆ ಮಾಡಿದ' ಲಾಭ ತೋರಿಸುವುದು ನಮ್ಮ ಹೊಸ ಕಂಪನಿಗಳ ತ್ರೈಮಾಸಿಕ ವರದಿಗಳಲ್ಲಿ ಮಾಮೂಲು. ಸಂಬಳದ ಒಂದು ಭಾಗವನ್ನು ಷೇರಿನಲ್ಲಿ ಕೊಟ್ಟರೆ ಅದು ಖರ್ಚಲ್ಲವೇ? ಉಳಿದ ಷೇರುದಾರರ ಪಾಲು ಅಷ್ಟರಮಟ್ಟಿಗೆ ಸವೆಯುತ್ತದಲ್ಲ.

ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಅಡಗಿ ಕುಳಿತ ಒಂದು ಸಾಲನ್ನು ನಾನಂತೂ ಮೊದಲು ಹುಡುಕುತ್ತೇನೆ: ಸರ್ವರ್ ಯಂತ್ರದ ಬಾಳಿಕೆ ಎಷ್ಟು ವರ್ಷ? ಸಾವಿರಾರು ಕೋಟಿ ಡಾಲರಿನ ಯಂತ್ರ ಕೊಂಡಾಗ ಆ ಖರ್ಚನ್ನು ಅದರ ಬಾಳಿಕೆಯ ವರ್ಷಗಳಿಗೆ ಸವಕಳಿಯಾಗಿ ಹಂಚುತ್ತಾರೆ. ಬಾಳಿಕೆ ಒಂದು ವರ್ಷ ಹೆಚ್ಚೆಂದು ಬರೆದರೆ ಈ ವರ್ಷದ ಲಾಭ ಉಬ್ಬುತ್ತದೆ, ಕಂಪನಿ ಒಂದು ಪೈಸೆಯನ್ನೂ ಹೆಚ್ಚು ದುಡಿಯದೆ. 2020ರ ನಂತರ ದೊಡ್ಡ ಕಂಪನಿಗಳು ಈ ಬಾಳಿಕೆಯನ್ನು ಮೂರು-ನಾಲ್ಕರಿಂದ ಆರು ವರ್ಷದವರೆಗೆ ಹಿಗ್ಗಿಸುತ್ತ ಬಂದವು. 2025ರ ಆರಂಭದಲ್ಲಿ ಮೆಟಾ ಅದನ್ನು ಐದೂವರೆ ವರ್ಷಕ್ಕೆ ಏರಿಸಿತು. ಅದೇ ಹೊತ್ತಿಗೆ ಅಮೆಜಾನ್ ತನ್ನ ಒಂದಷ್ಟು ಯಂತ್ರಗಳಿಗೆ ಆರರಿಂದ ಐದಕ್ಕೆ ಇಳಿಸಿತು. ಕೊಟ್ಟ ಕಾರಣ, ಕೃತಕ ಬುದ್ಧಿಮತ್ತೆಯ ಕ್ಷೇತ್ರದಲ್ಲಿ ಬದಲಾವಣೆಯ ವೇಗ ಹೆಚ್ಚಿದೆ ಎಂದು. ಒಂದೇ ಬಗೆಯ ಯಂತ್ರ, ಒಂದೇ ಕಾಲ, ಎರಡು ಉತ್ತರ. ಯಾರದ್ದು ಸರಿ ಎಂಬುದರ ಮೇಲೆ ಇಂದಿನ ಲಾಭದಲ್ಲಿ ಎಷ್ಟು ನಿಜ ಎಂಬುದು ನಿಂತಿದೆ.

ಆ ಯಂತ್ರಗಳ ಚಿಪ್ ಮಾರುವ ಎನ್‌ವಿಡಿಯಾ 2025ರ ಜನವರಿ 27ರಂದು ಒಂದೇ ದಿನದಲ್ಲಿ ಸುಮಾರು 58,900 ಕೋಟಿ ಡಾಲರ್ ಮಾರುಕಟ್ಟೆ ಮೌಲ್ಯ ಕಳೆದುಕೊಂಡಿತು. ಅಮೆರಿಕದ ಷೇರುಪೇಟೆಯಲ್ಲಿ ಅದುವರೆಗೆ ಯಾವ ಕಂಪನಿಗೂ ಒಂದು ದಿನದಲ್ಲಿ ಅಷ್ಟು ನಷ್ಟವಾಗಿರಲಿಲ್ಲ. ಕಾರಣ, ಚೀನಾದ ಡೀಪ್‌ಸೀಕ್ ಎಂಬ ಹೆಚ್ಚು ಹೆಸರು ಕೇಳಿರದ ಸಂಸ್ಥೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಮಾದರಿ ಮಾಡಿದೆ ಎಂಬ ಸುದ್ದಿ. ಒಂಬತ್ತು ತಿಂಗಳಲ್ಲಿ ಅದೇ ಕಂಪನಿ ಐದು ಲಕ್ಷ ಕೋಟಿ ಡಾಲರಿನ ಗೆರೆ ಮುಟ್ಟಿತು. ಹೆದರಿ ಮಾರಿದವರು ಪೆಚ್ಚಾದರು. ಹಾಗೆಂದು 'ಬಿದ್ದಾಗ ಕೊಳ್ಳಿ' ಎಂಬ ಸೂತ್ರ ಹಿಡಿಯುವುದು ಗೆದ್ದವರ ಚರಿತ್ರೆಯನ್ನು ಮಾತ್ರ ಓದಿದಂತೆ. ಡಿಎಸ್‌ಕ್ಯೂ ಬಿದ್ದಾಗಲೂ ಕೊಂಡವರಿದ್ದರು.

ಸರ್ಕಾರದ ಒಂದು ಸಹಿಯ ಅಪಾಯವನ್ನು ನಮ್ಮ ಹೂಡಿಕೆದಾರರು ಯಾವಾಗಲೂ ಕಡಿಮೆ ಅಂದಾಜು ಮಾಡುತ್ತಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಪಾಸಾಗಿ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಮೂರು ದಿನ. ಟೀಮ್ ಇಂಡಿಯಾದ ಅಂಗಿಯ ಮೇಲೆ ಹೆಸರು ಬರೆಸಿಕೊಂಡಿದ್ದ ಡ್ರೀಮ್11ರ ಮುಖ್ಯ ವ್ಯವಹಾರವೇ ನಿಂತುಹೋಯಿತು. ಪಟ್ಟಿಯಾಗಿದ್ದ ನಜಾರಾ ಟೆಕ್ನಾಲಜೀಸ್ ಷೇರು ದಬದಬನೆ ಇಳಿಯಿತು. ಆ ಕಾನೂನು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಸಾಲ ಮಾಡಿ ಆಡಿ ಹಾಳಾದ ಮನೆಗಳು ನಮ್ಮ ಜಿಲ್ಲೆಗಳಲ್ಲೂ ಇವೆ. ಹೂಡಿಕೆದಾರ ಗಮನಿಸಬೇಕಾದ್ದು ಬೇರೆ: ಆ ವಾರ ಯಾವ ತಂತ್ರಾಂಶವೂ ಕೆಟ್ಟಿರಲಿಲ್ಲ, ಯಾವ ಗ್ರಾಹಕನೂ ಬಿಟ್ಟುಹೋಗಿರಲಿಲ್ಲ.

ಬೆಂಗಳೂರಿನವರಿಗೆ ಇದೆಲ್ಲದರ ಮೇಲೆ ಇನ್ನೊಂದು ಹೊರೆ ಇದೆ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಒಬ್ಬ ಎಂಜಿನಿಯರನ ಸಂಬಳ ಐಟಿಯಿಂದ ಬರುತ್ತದೆ. ಕೈಯಲ್ಲಿರುವ ಇಸಾಪ್, ಅಂದರೆ ನೌಕರರಿಗೆ ಕೊಡುವ ಷೇರು, ಅದೇ ಕಂಪನಿಯದು. ಸಾಲ ಮಾಡಿ ಕೊಂಡ ಫ್ಲ್ಯಾಟಿನ ಬೆಲೆ ಆ ರಸ್ತೆಯಲ್ಲಿ ಐಟಿ ಕಚೇರಿ ತುಂಬಿದ್ದರೆ ಮಾತ್ರ ನಿಲ್ಲುತ್ತದೆ. ಅದು ಸಾಲದೆಂದು ತಿಂಗಳಿಗೊಂದು ಎಸ್‌ಐಪಿ ಟೆಕ್ನಾಲಜಿ ಫಂಡಿಗೆ ಹೋಗುತ್ತಿರುತ್ತದೆ, 'ನನಗೆ ಗೊತ್ತಿರುವ ಕ್ಷೇತ್ರ' ಎಂಬ ಸಮಾಧಾನದಲ್ಲಿ. ಕ್ಷೇತ್ರಕ್ಕೆ ಸೀನು ಬಂದರೆ ನಾಲ್ಕಕ್ಕೂ ಜ್ವರ. ಟಿಸಿಎಸ್‌ನಂಥ ಕಂಪನಿಯೇ 2025ರ ಜುಲೈಯಲ್ಲಿ ಸುಮಾರು 12,000 ಮಂದಿಯನ್ನು ತೆಗೆಯುವುದಾಗಿ ಹೇಳಿದ ಮೇಲೆ ಇದು ಬರೀ ಕಲ್ಪನೆಯಾಗಿ ಉಳಿದಿಲ್ಲ. ಗೊತ್ತಿರುವ ಕ್ಷೇತ್ರದಲ್ಲೇ ಹೂಡಬೇಕು ಎಂಬ ಮಾತು ಉಳಿದ ಊರುಗಳಿಗೆ ಒಳ್ಳೆಯ ಸಲಹೆ ಇರಬಹುದು. ನಮ್ಮ ಊರಿಗೆ ಅದನ್ನು ತಿರುಗಿಸಿ ಹೇಳಬೇಕು.

ಪಟ್ಟಿಯಾಗದ ಕಂಪನಿಯ ಇಸಾಪ್ ಇನ್ನೂ ತೊಡಕಿನದು. ಆಯ್ಕೆ ಚಲಾಯಿಸಿ ಷೇರು ಕೈಗೆ ತೆಗೆದುಕೊಂಡ ದಿನವೇ, ಕೊಟ್ಟ ಬೆಲೆಗೂ ಅಂದಿನ ಅಂದಾಜು ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳವೆಂದು ಹಿಡಿದು ತೆರಿಗೆ ಹಾಕುತ್ತಾರೆ. ಮಾನ್ಯತೆ ಪಡೆದ ಕೆಲವೇ ಸ್ಟಾರ್ಟಪ್‌ಗಳ ನೌಕರರಿಗಷ್ಟೆ ಮುಂದೂಡುವ ಸೌಲಭ್ಯ. ಷೇರು ಮಾರಲು ಪೇಟೆ ಇಲ್ಲ, ತೆರಿಗೆ ಕಟ್ಟಲು ನಗದು ಬೇಕು. ಆ ಅಂದಾಜು ಬೆಲೆಯೂ ಉಳಿಯುತ್ತದೆಂದಿಲ್ಲ. ಬೈಜೂಸ್‌ಗೆ 2022ರಲ್ಲಿ ಹೂಡಿಕೆದಾರರು ಕಟ್ಟಿದ್ದ ಬೆಲೆ 2,200 ಕೋಟಿ ಡಾಲರ್. 2024ರ ಜುಲೈಯಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ 158 ಕೋಟಿ ರೂಪಾಯಿ ಬಾಕಿಯ ಅರ್ಜಿಯ ಮೇಲೆ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಆರಂಭಿಸಿತು. ದೊಡ್ಡ ಹೂಡಿಕೆದಾರ ಪ್ರೋಸಸ್ ಅಷ್ಟರೊಳಗೆ ತನ್ನ ಪಾಲಿನ ಬೆಲೆಯನ್ನು ಸೊನ್ನೆ ಎಂದು ಬರೆದುಕೊಂಡಾಗಿತ್ತು. ಪ್ರೋಸಸ್‌ಗೆ ಬೇರೆ ಹತ್ತು ಹೂಡಿಕೆಗಳಿದ್ದವು.

ತಜ್ಞರ ಕೈಗೆ ಬಿಟ್ಟರೆ ಬಚಾವೇ? ತಂತ್ರಜ್ಞಾನದಿಂದ ದೂರವಿದ್ದ ವಾರನ್ ಬಫೆಟ್ 2011ರಲ್ಲಿ ಸಾವಿರ ಕೋಟಿ ಡಾಲರಿಗೂ ಹೆಚ್ಚಿನ ಐಬಿಎಂ ಷೇರು ಕೊಂಡು, ಕೆಲವೇ ವರ್ಷಗಳಲ್ಲಿ ಕೈಚೆಲ್ಲಿ ಮಾರಿದರು. ಅವರ ಕಂಪನಿ 2018ರಲ್ಲಿ ಪೇಟಿಎಂಗೂ ಬಂದು, 2023ರಲ್ಲಿ ನಷ್ಟದಲ್ಲೇ ಹೊರನಡೆಯಿತು. ಅದೇ ಬಫೆಟ್‌ಗೆ 2016ರಿಂದ ಕೊಂಡ ಆ್ಯಪಲ್ ಅಪಾರ ಲಾಭ ತಂದಿತು. ಒಂದು ಗೆಲುವು ಹತ್ತು ಸೋಲನ್ನು ತೊಳೆಯುತ್ತದೆ ಎಂಬುದು ಈ ಕ್ಷೇತ್ರದ ಗಣಿತ. ಅದು ಬಿಡಿ ಷೇರು ಆರಿಸುವವನಿಗೆ ವಿರುದ್ಧವಾಗಿಯೇ ಇದೆ. ಅಮೆರಿಕದ ಪ್ರಾಧ್ಯಾಪಕ ಹೆಂಡ್ರಿಕ್ ಬೆಸೆಂಬೈಂಡರ್ 1926ರಿಂದ 2016ರವರೆಗಿನ ಸುಮಾರು 25,000 ಕಂಪನಿಗಳ ಲೆಕ್ಕ ತೆಗೆದು, ಸರ್ಕಾರಿ ಅಲ್ಪಾವಧಿ ಪತ್ರಗಳಿಗಿಂತ ಹೆಚ್ಚಾಗಿ ಷೇರುಪೇಟೆ ಸೃಷ್ಟಿಸಿದ ಸಂಪತ್ತೆಲ್ಲವೂ ಶೇ. 4 ಕಂಪನಿಗಳಿಂದ ಬಂತೆಂದು ತೋರಿಸಿದರು. ಅರ್ಧಕ್ಕೂ ಹೆಚ್ಚು ಕಂಪನಿಗಳು ಆ ಪತ್ರಗಳಷ್ಟೂ ಗಳಿಸಿಕೊಡಲಿಲ್ಲ. ಆ ಶೇ. 4 ಯಾವುವೆಂದು ಮೊದಲೇ ಹೇಳಬಲ್ಲೆ ಎನ್ನುವವರು ಯೂಟ್ಯೂಬಿನಲ್ಲಿ ಧಾರಾಳವಾಗಿದ್ದಾರೆ.

ಹಾಗಾಗಿ ಇಡೀ ಸೂಚ್ಯಂಕವನ್ನೇ ಕೊಳ್ಳಿ ಎನ್ನುವುದು ಇಂದಿನ ಜಾಣ ಸಲಹೆ. ಬಹುಮಟ್ಟಿಗೆ ಸರಿಯಾದದ್ದೂ ಹೌದು, ಬಿಡಿ ಷೇರಿಗಿಂತ ಖಂಡಿತ ಮೇಲು. ಆದರೆ ಅಮೆರಿಕದ ಐನೂರು ಕಂಪನಿಗಳ ಸೂಚ್ಯಂಕ ಫಂಡನ್ನು ಇಲ್ಲಿಂದ ಕೊಳ್ಳುವವರು ಅದರ ಒಳಗೊಮ್ಮೆ ಇಣುಕಬೇಕು. ಮೊದಲ ಹತ್ತು ಕಂಪನಿಗಳ ತೂಕವೇ ಈಗ ಮೂರನೇ ಒಂದಕ್ಕೂ ಹೆಚ್ಚು. ಆ ಹತ್ತರಲ್ಲಿ ಬಹುಪಾಲು ಒಂದೇ ಕೃತಕ ಬುದ್ಧಿಮತ್ತೆಯ ಪಂದ್ಯದಲ್ಲಿವೆ. ಎನ್‌ವಿಡಿಯಾ ಚಿಪ್ ಮಾರುತ್ತದೆ. ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್, ಮೆಟಾ ಅದನ್ನು ಕೊಳ್ಳುತ್ತವೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯ, ಎರಡೂ ಅದೇ ಸೂಚ್ಯಂಕದಲ್ಲಿ. ಐನೂರು ಕಡೆ ಹಂಚಿದ್ದೇನೆ ಎಂದುಕೊಂಡವನ ದುಡ್ಡಿನಲ್ಲಿ ದೊಡ್ಡದೊಂದು ಪಾಲು ಒಂದೇ ಪ್ರಶ್ನೆಗೆ ಕಟ್ಟಿಬಿದ್ದಿದೆ: ಈ ಯಂತ್ರಗಳ ಕೆಲಸಕ್ಕೆ ಗ್ರಾಹಕ ಎಷ್ಟು ಕೊಡುತ್ತಾನೆ, ಯಂತ್ರ ಹಳತಾಗುವುದರೊಳಗೆ ಕೊಡುತ್ತಾನೆಯೇ?